ಕೋಟೆಯಂಥ ಠಾಣೆ, ಮನೆಯಂಥ ಠಾಣೆ

ಬಾಗಿಲನ್ನು ಕಂಡು ಮನೆಯವರ ಮನಸ್ಸನ್ನು ಊಹಿಸಬಹುದಾದರೆ, ಪೋಲೀಸು ಠಾಣೆಯ ಬಾಗಿಲನ್ನು ಕಂಡು ಸರಕಾರದ ಮನಸ್ಸನ್ನೂ ಊಹಿಸಬಹುದು. ಐರ್ಲೆಂಡಿನ ಸಣ್ಣ ಊರುಗಳ ಠಾಣೆಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ.

ಆ ದ್ವೀಪದ ನೈಋತ್ಯದಂಚಿನ ಕೆರ್ರಿ ಪ್ರಾಂತದಲ್ಲಿ ಕಾಹರ್‌ಸೈವೀನ್ ಎಂಬ ಚಿಕ್ಕ ಪೇಟೆಯುಂಟು. ಅಲ್ಲಿ 1870ರಿಂದ 1875ರ ವರೆಗೆ ಕಟ್ಟಿದ ಹಳೆಯ ಠಾಣೆಯೊಂದಿದೆ. ಬಿಳಿಯ ಗೋಡೆಗಳು, ಶಂಕುವಿನಂತೆ ಚೂಪಾದ ಮಾಡುಳ್ಳ ಗೋಪುರ, ಮೆಟ್ಟಿಲುಮೆಟ್ಟಿಲಾಗಿ ಏರುವ ಗೋಡೆಯ ನೆತ್ತಿ. ಕಂಡವರಿಗೆ ಇದು ಜರ್ಮನಿಯ ಯಾವುದೋ ದೊರೆಯ ದುರ್ಗವೆಂದೇ ತೋರುವುದು. ಇದರ ನಕ್ಷೆಯು ಹಿಂದೂಸ್ಥಾನದ ವಾಯವ್ಯ ಗಡಿನಾಡಿಗಾಗಿ ಬರೆದದ್ದೆಂದೂ, ಗುಮಾಸ್ತರ ಕೈತಪ್ಪಿನಿಂದ ಕೆರ್ರಿಗೆ ಬಂದಿತೆಂದೂ ಅಲ್ಲಿಯವರು ನಗುತ್ತ ಹೇಳುವರು. ಕಥೆ ಸೊಗಸಾಗಿದೆ, ಆದರೆ ಸತ್ಯವಲ್ಲ. ನಕ್ಷೆಯನ್ನು ಬರೆದವನು ಐರ್ಲೆಂಡಿನ ಸರಕಾರಿ ಕಟ್ಟಡಗಳ ಇಲಾಖೆಯ ಶಿಲ್ಪಿ ಈನಕ್ ಟ್ರೆವರ್ ಓವೆನ್.

ಆದರೂ ಆ ಕಥೆಯಲ್ಲಿ ಒಂದು ತಿರುಳುಂಟು. 1867ರಲ್ಲಿ ಫೀನಿಯನ್ನರೆಂಬ ಸ್ವಾತಂತ್ರ್ಯವಾದಿಗಳು ಈ ಸೀಮೆಯಲ್ಲಿ ಬಂಡೆದ್ದಿದ್ದರು. ಎದುರಿನ ವ್ಯಾಲೆಂಷಿಯಾ ದ್ವೀಪದಿಂದ ಅಮೆರಿಕಕ್ಕೆ ಸಮುದ್ರದಡಿಯ ತಂತಿ 1866ರಿಂದ ನಡೆಯುತ್ತಿದ್ದಿತು. ಆಳುವವರಿಗೆ ಕೆರ್ರಿಯೂ ಒಂದು ಗಡಿನಾಡೇ! ಐರಿಷ್ ಕಾನ್‌ಸ್ಟೆಬ್ಯುಲರಿಯು ಲಂಡನ್ನಿನ ಪೋಲೀಸರಂತಲ್ಲದೆ ಬಂದೂಕು ಹಿಡಿದ ದಳವಾಗಿದ್ದಿತು. 1843ರಲ್ಲಿ ಸರ್ ಚಾರ್ಲ್ಸ್ ನೇಪಿಯರನು ಸಿಂಧ್ ಪ್ರಾಂತದ ಪೋಲೀಸನ್ನು ಕಟ್ಟಿದ್ದು ಇದರ ಮಾದರಿಯಲ್ಲಿಯೇ. ಕಟ್ಟಡಗಳ ನಂಟು ಸುಳ್ಳು, ವ್ಯವಸ್ಥೆಗಳ ನಂಟು ನಿಜ.

ಎಲ್ಲ ಠಾಣೆಗಳೂ ಹೀಗೆ ಗೋಪುರ ಹೊತ್ತು ನಿಂತಿರಲಿಲ್ಲ. ಅನೇಕವು ಎರಡಂತಸ್ತಿನ ಸಾದಾ ಮನೆಗಳು. ಬಾಡಿಗೆಗೆ ಹಿಡಿದವೂ ಇದ್ದವು. ಕೆಳಗೆ ಕಚೇರಿಯ ಕೋಣೆಯೂ ಕೈದಿಯ ಕೋಣೆಯೂ, ಮೇಲೆ ಪೇದೆಗಳ ಮಲಗುವ ಕೋಣೆ. ಕಾಲ ಕೆಟ್ಟಾಗ ಮಾತ್ರ ಕಿಟಕಿಗಳಿಗೆ ಉಕ್ಕಿನ ಕದಗಳು ಬರುವುವು, ಕದಗಳಲ್ಲಿ ಬಂದೂಕಿನ ಕಂಡಿಗಳು ತೆರೆಯುವುವು. ಮನೆಯು ಕೋಟೆಯಾಗಲು ಅಷ್ಟೇ ಸಾಕು. ಸ್ವಾತಂತ್ರ್ಯದ ಹೋರಾಟಗಾರರಿಗೂ ಇದು ತಿಳಿದಿದ್ದಿತು. ಪೋಲೀಸರು ತೆರವು ಮಾಡಿದ ಸುಮಾರು 300 ಠಾಣೆಗಳನ್ನು, ಮರಳಿ ಬಂದು ಸೇರದಂತೆ, ಅವರು 1920ರ ಈಸ್ಟರ್ ಹಬ್ಬದ ಸಮಯದಲ್ಲಿ ಸುಟ್ಟರು. ಕಾಹರ್‌ಸೈವೀನಿನ ಠಾಣೆ 1922ರ ಅಂತರ್ಯುದ್ಧದಲ್ಲಿ ಉರಿಯಿತು.

ಅದೇ 1922ರಲ್ಲಿ ಹಳೆಯ ದಳವು ವಿಸರ್ಜನೆಗೊಂಡು 'ಗಾರ್ಡಾ ಶೀಖಾನಾ' ಎಂಬ ಹೊಸ ಪೋಲೀಸು ಹುಟ್ಟಿತು. 'ಶಾಂತಿಯ ಕಾವಲುಗಾರರು' ಎಂದು ಅದರ ಅರ್ಥ. ಸಾಮಾನ್ಯ ಗಸ್ತಿಗೆ ಆಯುಧ ಬೇಡವೆಂದು ಅವರು ನಿಶ್ಚಯಿಸಿದರು. ಕಟ್ಟಡವೂ ಅದನ್ನೇ ಅನುಸರಿಸಿತು. ಮುಂದೆ ಕಟ್ಟಿದ ಹಳ್ಳಿಯ ಠಾಣೆಗಳಿಗೆ ಬೀದಿಗೆ ತೆರೆಯುವ ಬಾಗಿಲು, ಅದರ ಮೇಲೊಂದು ದೀಪ, ಒಳಗೆ ಅರ್ಜಿ ಕೇಳುವ ಕಟ್ಟೆ. ಒತ್ತಿನಲ್ಲಿಯೇ ಸಾರ್ಜೆಂಟನ ಸಂಸಾರ. ಅಡಿಗೆಯ ಹೊಗೆಯೇಳುವ ಮನೆಯಲ್ಲಿ ಬಂದೂಕಿನ ಕಂಡಿಗೇನು ಕೆಲಸ?

2012 ಮತ್ತು 2013ರಲ್ಲಿ ಸರಕಾರವು ಮಿತವ್ಯಯದ ಕಾರಣದಿಂದ ಇಂತಹ 139 ಠಾಣೆಗಳನ್ನು ಮುಚ್ಚಿತು. ಆಗ ಹಳ್ಳಿಗರು ಬೇಡವೆಂದು ಮೊರೆಯಿಟ್ಟರು. ಅಜ್ಜಂದಿರು ಸುಟ್ಟಂಥ ಕಟ್ಟಡವನ್ನೇ ಮೊಮ್ಮಕ್ಕಳು ಉಳಿಸಿರೆಂದು ಬೇಡಿದರು! ಕಾಹರ್‌ಸೈವೀನಿನವರಾದರೋ ಪಾಳುಬಿದ್ದ ತಮ್ಮ ಕೋಟೆಯನ್ನು ಪುನಃ ಕಟ್ಟಿಸಿ, ಊರಿನ ಚರಿತ್ರೆಯ ಪ್ರದರ್ಶನಶಾಲೆಯನ್ನಾಗಿ ಮಾಡಿಕೊಂಡರು. ಭಯಪಡಿಸಲು ಎದ್ದ ಗೋಡೆಯನ್ನು ಜನರು ಹೀಗೆ ತಮ್ಮದಾಗಿಸಿಕೊಂಡರು.