ಪ್ಲೇಟ್ ಹೋಗಿದೆ ಅನ್ನುವ ಮುಂಚೆ ಕೇಬಲ್ ನೋಡಿ
ನಮ್ಮೂರಲ್ಲಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಸಿಗುವುದು ಒಂದೇ ವ್ಯಾನು. ಹೋದ ಮಳೆಗಾಲ ಬೆಳಗಿನ ಜಾವ, ತುಂಬು ಬಸುರಿ ಒಳಗಿದ್ದಾಗಲೇ ಅದು ಏರಿನಲ್ಲಿ ನಿಂತಿತು. ಇಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಹತ್ತಲಿಲ್ಲ.

"ಇದ್ದಕ್ಕಿದ್ದಂಗೆ ಹಿಂಗಾಯ್ತು" ಅಂದರು ವ್ಯಾನಿನ ಅಣ್ಣ. ನಾನು ಒಪ್ಪುವುದಿಲ್ಲ. ಕ್ಲಚ್ ಸಾಮಾನ್ಯವಾಗಿ ಮೊದಲೇ ಹೇಳುತ್ತದೆ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಸದ್ದು ಏರುತ್ತದೆ, ಸ್ಪೀಡ್ ಏರುವುದಿಲ್ಲ. ಸುಟ್ಟ ವಾಸನೆ ಬರುವುದು ಆಮೇಲೆ.

ಅನುಮಾನ ಬಂದರೆ ಸಮತಟ್ಟಾದ ಬಯಲಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಒಂದು ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಇದ್ದ ಪ್ಲೇಟೂ ಸುಡುತ್ತದೆ.

ಗ್ಯಾರೇಜಿನಲ್ಲಿ ಬಾಯಿಗೆ ಮೊದಲು ಬರುವ ಮಾತು "ಪ್ಲೇಟ್ ಹೋಗಿದೆ". ಇರಬಹುದು. ಆದರೆ ಗೇರ್‌ಬಾಕ್ಸ್ ಇಳಿಸುವ ಮುಂಚೆ ಕೇಬಲ್ ನೋಡಿ ಅನ್ನಿ, ಸಂಕೋಚ ಬೇಡ. ಕೇಬಲ್ ಇರುವ ಗಾಡಿಯಲ್ಲಿ ಪೆಡಲ್ ಒತ್ತಲು ಶುರುಮಾಡಿದಾಗ ಸ್ವಲ್ಪ ಸಡಿಲ ಇರಬೇಕು. ಅದಿಲ್ಲದಿದ್ದರೆ ಕಾಲು ತೆಗೆದರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ನಟ್ ತಿರುಗಿಸಿದರೆ ಸರಿಹೋಗುವ ಕೆಲಸಕ್ಕೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು? ಆಮೇಲೂ ಜಾರಿದರೆ ಬಿಚ್ಚಿಸಿ. ಆಗ ಪ್ರೆಷರ್ ಪ್ಲೇಟ್, ಬೇರಿಂಗನ್ನೂ ನೋಡಿಸಿ, ಇಲ್ಲವಾದರೆ ಎರಡು ಸಲ ಮಜೂರಿ.

ಅಣ್ಣನ ಗಾಡಿಯ ಪ್ಲೇಟ್ ನಿಜಕ್ಕೂ ಸವೆದಿತ್ತು. ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ನಿಲ್ಲಿಸುವುದು ಅವರ ರೂಢಿ. ಬಾಡಿಗೆ ತಪ್ಪುತ್ತದೆಂದು ಎರಡು ತಿಂಗಳು ರಿಪೇರಿ ಮುಂದೂಡಿದ್ದರಂತೆ. ಆ ಹೆಣ್ಣುಮಗಳು ಆಸ್ಪತ್ರೆ ಮುಟ್ಟಿದ್ದು ಹಿಂದೆ ಬಂದ ಹಾಲಿನ ಗಾಡಿಯಲ್ಲಿ.