ಚಳಿಗಾಲದ ಶಾಲಾ ಪ್ರವಾಸವೂ ಮಕ್ಕಳ ಜಲಕ್ರೀಡೆಯೂ

ಮಾರ್ಗಶಿರ ಮಾಸ ಕಾಲಿಡುತ್ತಿದ್ದಂತೆಯೇ ನಾಡಿನ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಂಭ್ರಮ ಆರಂಭವಾಗುತ್ತದೆ. ಹಿಂದೆ ಹಂಪೆ, ಬಾದಾಮಿ, ಬೇಲೂರು, ಜೋಗಗಳಿಗೆ ಹೋಗಿ ಬಂದರೆ ಪ್ರವಾಸ ಮುಗಿಯುತ್ತಿತ್ತು. ಇಂದು ಥೀಮ್ ಪಾರ್ಕ್ ಇಲ್ಲದ ಪ್ರವಾಸಕ್ಕೆ ಮಕ್ಕಳು ಹೆಸರು ಕೊಡುವುದೇ ಅಪರೂಪ. ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ತೆರೆಯಿತು. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಧಾರವಾಡ, ಗದಗ, ಹಾವೇರಿ ಸೀಮೆಯ ಹಳ್ಳಿಯ ಮಕ್ಕಳಿಗೂ ಈಗ ‘ನೀರಿನ ಆಟ’ವೇ ಪ್ರವಾಸದ ಮುಖ್ಯ ಆಕರ್ಷಣೆ. ಆ ಸಂತೋಷವನ್ನು ಕಸಿಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಪಾರ್ಕುಗಳ ಮೇಲೆ ನನ್ನ ದೂರೂ ಇಲ್ಲ. ನನ್ನ ತಕರಾರು ಇರುವುದು ನಾವು ಆರಿಸಿಕೊಂಡಿರುವ ಕಾಲದ ಮೇಲೆ ಮತ್ತು ಮಕ್ಕಳನ್ನು ಕರೆದೊಯ್ಯುವ ಕ್ರಮದ ಮೇಲೆ.

ಕ್ರಮ ಹೀಗಿರುತ್ತದೆ. ಸಂಜೆ ಬಸ್ಸು ಹೊರಡುತ್ತದೆ. 400 ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಮಕ್ಕಳು ರಾತ್ರಿಯಿಡೀ ಹಾಡಿ ಕುಣಿದು, ಕುಳಿತಲ್ಲೇ ತೂಕಡಿಸಿ, ಬೆಳಗಿನ ಜಾವ ಯಾವುದೋ ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ. ಡಬ್ಬಿಯಲ್ಲಿ ಆರಿಹೋದ ಚಿತ್ರಾನ್ನವನ್ನು ನಾಲ್ಕು ತುತ್ತು ತಿಂದು ಪಾರ್ಕಿನೊಳಗೆ ಓಡುತ್ತಾರೆ. ಟಿಕೆಟ್ಟಿನ ಹಣ ವ್ಯರ್ಥವಾಗಬಾರದೆಂದು ಸಂಜೆಯವರೆಗೆ ನೀರಿನಲ್ಲಿಯೇ ಇದ್ದು, ಒದ್ದೆ ತಲೆಯಲ್ಲಿಯೇ ಮತ್ತೆ ಬಸ್ಸು ಏರುತ್ತಾರೆ. ಕಿಟಕಿಯಿಂದ ಪುಷ್ಯ ಮಾಸದ ಗಾಳಿ. ಮರುವಾರ ನಮ್ಮಂತಹ ವೈದ್ಯರ ಬಾಗಿಲಲ್ಲಿ ಕೆಮ್ಮು, ಜ್ವರ, ಕಿವಿನೋವು, ಉಬ್ಬಸಗಳ ಸಾಲು. ಮೂರು ದಶಕಗಳ ವೃತ್ತಿಯಲ್ಲಿ ಈ ಸಾಲು ಬೆಳೆಯುತ್ತ ಬಂದುದನ್ನು ನಾನು ಕಂಡಿದ್ದೇನೆ.

ಚಳಿಯೇ ಮಕ್ಕಳ ಶತ್ರುವೆಂದು ಭಾವಿಸಿ ಮನೆಯೊಳಗೆ ಕೂಡಿಹಾಕುವ ತಾಯಂದಿರಿದ್ದಾರೆ. ಆಯುರ್ವೇದ ಹಾಗೆ ಹೇಳುವುದಿಲ್ಲ. ಹೇಮಂತ ಮತ್ತು ಶಿಶಿರಗಳು ದೇಹಬಲ ಉತ್ತಮವಾಗಿರುವ ಋತುಗಳು. ಹೊರಗಿನ ಶೀತದಿಂದ ಒಳಗಿನ ಅಗ್ನಿ ಕುಲುಮೆಯ ಬೆಂಕಿಯಂತೆ ಪ್ರಬಲವಾಗುತ್ತದೆ. ಆದರೆ ಪ್ರಬಲವಾದ ಆ ಅಗ್ನಿಗೆ ತಕ್ಕ ಇಂಧನ ಸಿಗದಿದ್ದರೆ ಅದು ಶರೀರದ ರಸಧಾತುವನ್ನೇ ಶೋಷಿಸುತ್ತದೆ, ವಾತ ಪ್ರಕೋಪಗೊಳ್ಳುತ್ತದೆ ಎಂದು ಚರಕ ಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಎಚ್ಚರಿಸುತ್ತದೆ. ಅಂದರೆ ಚಳಿಗಾಲದಲ್ಲಿ ಮಗುವಿಗೆ ಹಾನಿ ಮಾಡುವುದು ಆಟಕ್ಕಿಂತ ಹೆಚ್ಚಾಗಿ ಬರಿಹೊಟ್ಟೆಯ ಆಟ. ರಾತ್ರಿ ನಿದ್ರೆಯಿಲ್ಲ, ಬೆಳಿಗ್ಗೆ ಬಿಸಿ ಊಟವಿಲ್ಲ, ಹಗಲೆಲ್ಲ ತಣ್ಣೀರು, ನಡುನಡುವೆ ಚಿಪ್ಸ್ ಮತ್ತು ಐಸ್‌ಕ್ರೀಂ: ವಾತ, ಕಫಗಳೆರಡನ್ನೂ ಕೆರಳಿಸಲು ಇದಕ್ಕಿಂತ ಒಳ್ಳೆಯ ಯೋಜನೆಯನ್ನು ವೈದ್ಯನೂ ರೂಪಿಸಲಾರ. ಬಾಲ್ಯವೆಂಬುದು ಸಹಜವಾಗಿಯೇ ಕಫಪ್ರಧಾನವಾದ ವಯಸ್ಸು ಎಂಬುದನ್ನೂ ಇಲ್ಲಿ ನೆನೆಯಬೇಕು.

ಆಧುನಿಕ ವಿಜ್ಞಾನವೂ ಇದನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಉಷ್ಣವಾಹಕ. ಬಿಸಿ ಮಾಡದ ತೆರೆದ ಕೊಳದ ನೀರು ಡಿಸೆಂಬರಿನಲ್ಲಿ ದೇಹದ 37 ಡಿಗ್ರಿಗಿಂತ ಬಹಳ ಕೆಳಗಿರುತ್ತದೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಹೆಚ್ಚು. ಆದ್ದರಿಂದ ಅವರು ಬೇಗ ತಣ್ಣಗಾಗುತ್ತಾರೆ. ಬಡಕಲು ಮಗು ಇನ್ನೂ ಬೇಗ. ನೀರಿನಿಂದ ಹೊರಬಂದು ಒದ್ದೆ ಬಟ್ಟೆಯಲ್ಲಿ ಸರದಿಯಲ್ಲಿ ನಿಂತಾಗ ಗಾಳಿ ತಾಗಿ ನೀರು ಆವಿಯಾಗುವಾಗಲಂತೂ ಮೈಯ ಶಾಖ ಹೊರಟೇಹೋಗುತ್ತದೆ.

ಹಾಗಾದರೆ ನೀರಾಟಕ್ಕೆ ಯೋಗ್ಯ ಕಾಲ ಯಾವುದು? ಚರಕರು ಇದಕ್ಕೂ ಉತ್ತರ ಕೊಟ್ಟಿದ್ದಾರೆ. ಶರದೃತುವಿನಲ್ಲಿ ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಂಪಾಗಿ ನಿರ್ಮಲವಾದ ನೀರನ್ನು ಹಂಸೋದಕವೆಂದು ಕರೆದು, ಅದು ಪಾನಕ್ಕೆ, ಸ್ನಾನಕ್ಕೆ, ಅವಗಾಹನಕ್ಕೆ ಅಂದರೆ ನೀರಿನಲ್ಲಿ ಮುಳುಗಿ ಮೀಯುವುದಕ್ಕೆ ಹಿತವೆಂದಿದ್ದಾರೆ. ಪಾರ್ಕಿನ ಕ್ಲೋರಿನ್ ನೀರು ಹಂಸೋದಕವಲ್ಲ, ಒಪ್ಪಿದೆ. ಆದರೆ ಆ ಋತುವಿನ ಬಿಸಿಲು ನಿಜ, ಮೈಯ ಹದ ನಿಜ. ಆಶ್ವಯುಜ, ಕಾರ್ತಿಕಗಳಲ್ಲಿ, ದಸರೆಯ ರಜೆಯ ಆಸುಪಾಸಿನಲ್ಲಿ ಪ್ರವಾಸ ಇಟ್ಟುಕೊಳ್ಳಲು ಶಾಲೆಗಳಿಗೆ ಏನು ಅಡ್ಡಿ? ಅರ್ಧವಾರ್ಷಿಕ ಪರೀಕ್ಷೆ, ಹಬ್ಬ, ಹಿಂಗಾರು ಮಳೆ ಎಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಮಳೆ ಒಂದು ದಿನವನ್ನು ಕೆಡಿಸಬಹುದು. ಜನವರಿಯ ಒಣ ಗಾಳಿ ಮಗುವಿನ ಒಂದು ತಿಂಗಳನ್ನೇ ಕೆಡಿಸುತ್ತದೆ. ಮಾರ್ಚಿನ ಪರೀಕ್ಷೆ ಎದುರಿಗಿರುವಾಗ ಎಸ್ಸೆಸ್ಸೆಲ್ಸಿಯ ಮಗು ಹದಿನೈದು ದಿನ ಕೆಮ್ಮುತ್ತ ಕುಳಿತರೆ ನಷ್ಟ ಯಾರಿಗೆ? ಶಾಲೆ ನಡೆಸುವ ಓದುಗರು ಮುಂದಿನ ವರ್ಷದ ವೇಳಾಪಟ್ಟಿ ಸಿದ್ಧಪಡಿಸುವ ಮುನ್ನ ಇದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಇಡಬೇಕೆಂದು ವಿನಂತಿಸುತ್ತೇನೆ.

ಈ ವರ್ಷದ ಪ್ರವಾಸಗಳು ಈಗಾಗಲೇ ನಿಗದಿಯಾಗಿವೆ ಎಂಬುದನ್ನೂ ಬಲ್ಲೆ. ಹೋಗುವುದಾದರೆ, ಹಿಂದಿನ ಸಂಜೆಯೇ ಊರು ತಲುಪಿ ಮಕ್ಕಳು ಒಂದು ರಾತ್ರಿ ಹಾಸಿಗೆಯಲ್ಲಿ ಮಲಗುವಂತಾಗಲಿ. ಇದಕ್ಕೆ ತಗಲುವ ಖರ್ಚು ಔಷಧದ ಖರ್ಚಿಗಿಂತ ಕಡಿಮೆ. ಬೆಳಿಗ್ಗೆ ಬಿಸಿ ಉಪ್ಪಿಟ್ಟೋ ಇಡ್ಲಿಯೋ ಹೊಟ್ಟೆ ತುಂಬ ಸಿಗಲಿ. ಚೀಲದಲ್ಲಿ ಚಿಪ್ಸ್ ಬದಲು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಇರಲಿ. ನಮ್ಮ ಅಜ್ಜಿಯಂದಿರು ಸಂಕ್ರಾಂತಿಯ ಕಾಲಕ್ಕೆ ಇವನ್ನೇ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಹೇಮಂತಕ್ಕೆ ಶಾಸ್ತ್ರ ಹೇಳುವ ಸ್ನಿಗ್ಧಾಹಾರವೇ ಅದು. ಹೊರಡುವ ಹಿಂದಿನ ದಿನ ಮನೆಯಲ್ಲಿ ಎಳ್ಳೆಣ್ಣೆಯ ಅಭ್ಯಂಗ ಮಾಡಿಸಿ. ಎಣ್ಣೆ ಹಚ್ಚಿಕೊಂಡು ಕೊಳಕ್ಕಿಳಿಯುವುದು ಮಾತ್ರ ಬೇಡ, ಅದು ಹತ್ತು ಜನರ ನೀರು.

ಬೆಳಿಗ್ಗೆ ಒಣ ಆಟಗಳು, ಬಿಸಿಲೇರಿದ ಮೇಲೆ ನೀರು, ಮೂರು ಗಂಟೆಗೆ ಎಲ್ಲರೂ ಹೊರಗೆ. ಶೀತಕಾಲದಲ್ಲಿಯೂ ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟೇ ಮಾಡಬೇಕೆಂಬುದು ವಾಗ್ಭಟರ ಮಾತು. ಹಣೆಯಲ್ಲಿ, ಕಂಕುಳಲ್ಲಿ ಬೆವರು ಮೂಡುವುದು ಅರ್ಧ ಶಕ್ತಿಯ ಗುರುತು. ನೀರಿನಲ್ಲಿರುವ ಮಗುವಿನ ಬೆವರು ಯಾರಿಗೂ ಕಾಣದು. ಆದ್ದರಿಂದ ಶಿಕ್ಷಕರು ಗಡಿಯಾರವನ್ನೇ ನಂಬಬೇಕು. ನಡುಕ ಕಂಡ ಕೂಡಲೇ ಮಗುವನ್ನು ಹೊರಗೆ ಕರೆಯಿರಿ. ಒದ್ದೆ ಬಟ್ಟೆ ತೆಗೆಸಿ, ಒರೆಸಿ, ಹೊದಿಸಿ, ಬಿಸಿ ಹಾಲನ್ನೋ ಬೆಲ್ಲದ ಶುಂಠಿ ಕಷಾಯವನ್ನೋ ಕುಡಿಸಿ. ತುಟಿ ನೀಲಿಗಟ್ಟಿ, ಮಾತು ತೊದಲಿ, ಮಗು ಮಂಕಾಗಿದ್ದರೆ, ಮೈ ತಣ್ಣಗಿದ್ದೂ ನಡುಕ ನಿಂತಿದ್ದರೆ, ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಬಟ್ಟೆ ಬದಲಿಸುವ ಕೋಣೆಯ ಗದ್ದಲಕ್ಕೆ ಸಂಕೋಚಪಟ್ಟು, ಒದ್ದೆಯ ಮೇಲೆಯೇ ಶಾಲು ಹೊದ್ದು ಬಸ್ಸಿನಲ್ಲಿ ರಾತ್ರಿ ಕಳೆದು ಜ್ವರ ತಂದುಕೊಂಡ ಹುಡುಗಿಯರು ನನ್ನಲ್ಲಿಗೆ ಬಂದಿದ್ದಾರೆ. ಕೇಳಿದರೆ ಅವರು ಹೇಳುವುದಿಲ್ಲ. ಶಿಕ್ಷಕಿಯೊಬ್ಬರು ನಿಂತು, ಪ್ರತಿಯೊಬ್ಬಳೂ ಒಣ ಬಟ್ಟೆ ತೊಟ್ಟಳೇ ಎಂದು ನೋಡಬೇಕು. ತಿಂಗಳ ದಿನಗಳಲ್ಲಿರುವ ಹುಡುಗಿ ನೀರಿಗಿಳಿಯಲು ಒಲ್ಲೆನೆಂದರೆ ಕಾರಣ ಕೇಳಿ ಮುಜುಗರಪಡಿಸಬಾರದು.

ಉಬ್ಬಸವಿರುವ ಮಕ್ಕಳ ಪೋಷಕರಿಗೆ ಒಂದು ಮಾತು. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯದಿಂದಲೋ, ಗೆಳೆಯರು ನೋಡಿಯಾರೆಂಬ ನಾಚಿಕೆಯಿಂದಲೋ ಅದನ್ನು ಮನೆಯಲ್ಲೇ ಬಿಟ್ಟು ಕಳಿಸುತ್ತೀರಿ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ: ತಣ್ಣನೆಯ ಗಾಳಿ ಮತ್ತು ಓಟ ಎರಡೂ ಸೇರಿ ಉಬ್ಬಸ ಕೆರಳುವ ಜಾಗದಲ್ಲಿ ನಮ್ಮ ಲೇಹ್ಯ, ಚೂರ್ಣಗಳು ಆ ಕ್ಷಣದ ಕೆಲಸ ಮಾಡಲಾರವು. ಇನ್ಹೇಲರ್ ಮಗುವಿನ ಚೀಲದಲ್ಲಿರಲಿ, ಇರುವುದು ಶಿಕ್ಷಕರಿಗೆ ಗೊತ್ತಿರಲಿ. ಮೊಮ್ಮಕ್ಕಳೊಡನೆ ಹೋಗುವ ಹಿರಿಯರೂ, ರಕ್ತದೊತ್ತಡ ಅಥವಾ ಹೃದ್ರೋಗವಿದ್ದರೆ, ತಣ್ಣೀರಿಗೆ ಧುಮುಕುವ ಉತ್ಸಾಹ ತೋರದೆ ದಡದಲ್ಲಿ ಬಿಸಿಲು ಕಾಯಿಸುವುದು ಲೇಸು.

ಮರಳಿ ಬರುವ ಬಸ್ಸಿನಲ್ಲಿ ತಲೆ ಒಣಗಿರಬೇಕು, ಕಿವಿಗೆ ಟೊಪ್ಪಿಗೆಯಿರಬೇಕು. ಮನೆಗೆ ಬಂದ ಮಗು ಕಿವಿನೋವೆಂದರೆ ಎಣ್ಣೆ ಕಾಯಿಸಿ ಬಿಡಬೇಡಿ. ಕರ್ಣಪೂರಣ ನಮ್ಮ ಶಾಸ್ತ್ರದ್ದೇ ಚಿಕಿತ್ಸೆಯಾದರೂ, ತಮಟೆ ಹರಿದ ಕಿವಿಗೆ, ಸೋರುವ ಕಿವಿಗೆ ಅದು ಸಲ್ಲದು. ವೈದ್ಯರು ಕಿವಿಯೊಳಗೆ ನೋಡುವವರೆಗೆ ಅದರಲ್ಲಿ ಏನನ್ನೂ ಹಾಕದಿರಿ.