ಪತ್ತೇದಾರನ ಹೆಸರು ಹೇಳಲು ನಾಚಿಕೆಯೇಕೆ?

ಓದಿನ ರುಚಿ ಹತ್ತಿಸಿದ್ದು ಯಾರು ಎಂದು ಕೇಳಿದರೆ ನಮ್ಮ ಸಾಹಿತಿಗಳು ಕುವೆಂಪು, ಕಾರಂತರಿಂದಲೇ ಶುರು ಮಾಡುತ್ತಾರೆ. ಹತ್ತು ವರ್ಷದ ಹುಡುಗ ಮೊದಲು ಹಿಡಿದದ್ದು ‘ಮಲೆಗಳಲ್ಲಿ ಮದುಮಗಳು’ ಎಂದರೆ ನಂಬಬೇಕೇ? ಬಹಳ ಮಂದಿಗೆ ಓದಿನ ಹುಚ್ಚು ಹಿಡಿಸಿದ್ದು 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಬೇತಾಳ, ತ್ರಿವೇಣಿಯವರ ಕಾದಂಬರಿಗಳು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಸಭೆಯಲ್ಲಿ ಮಾತ್ರ ಇವರ ಹೆಸರು ಬಾಯಿಗೆ ಬರುವುದಿಲ್ಲ.

ಈ ಸೋಗಿಗೆ ದಂಡ ತೆರುವವರು ಮಕ್ಕಳು. ಅವರಿಗೆ ಪುಸ್ತಕ ಆರಿಸುವಾಗಲೂ ನೀತಿಕತೆ, ಮಹಾಪುರುಷರ ಚರಿತ್ರೆ, ಪರೀಕ್ಷೆಯ ಗೈಡು. ಊಟ ಮರೆಸುವಂಥ ಕತೆ ಮಾತ್ರ ಬೇಡ!

ಭೀಮರಾಯನಗುಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಊರಿದು. ನಾರಾಯಣಪುರದಲ್ಲಿ ಜಲಾಶಯ ತುಂಬಿದರೆ ಸಾಲದು, ಹೊಲಗಾಲುವೆಯ ಕೊನೆಗೂ ನೀರು ಮುಟ್ಟಬೇಕು ಎಂಬುದು ಇಲ್ಲಿನ ರೈತನಿಗೆ ಗೊತ್ತು. ಕುವೆಂಪು ಜಲಾಶಯವಾದರೆ ಪುರುಷೋತ್ತಮ ಹೊಲಗಾಲುವೆ. ಕಾಲುವೆ ಮುಚ್ಚಿ, ಜಲಾಶಯಕ್ಕೆ ಬಾಗಿನ ಕೊಟ್ಟು ಫೋಟೊ ತೆಗೆಸಿಕೊಂಡರೆ ಬೆಳೆ ಬರುತ್ತದೆಯೇ?

ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವವರು ನಾವು. ಕೇಳುವ ಹಕ್ಕಿದೆ: ಮಕ್ಕಳ ಕಪಾಟಿನಲ್ಲಿ ಮೊದಲು ಬೇತಾಳ ಇರಲಿ, ಪತ್ತೇದಾರ ಇರಲಿ. ರುಚಿ ಹತ್ತಿದವರು ಕುವೆಂಪು ಅವರನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ.